ಹಾಕದ ಸುತ್ತು

"ತಾಗಲಿಲ್ಲ ತಾನೇ?" ಚುಕ್ಕಾಣಿಯಿಂದ ಕೈ ತೆಗೆಯದೆ ತಮ್ಮ ಕೇಳಿದ.

ಅಕ್ಕ ಹಿಂತಿರುಗಿ ನೋಡಿದಳು. ಕೊನೆಯ ತಿರುವಿನ ಗುರುತಿಗೆಂದು ತೇಲಿಬಿಟ್ಟಿದ್ದ ಪೀಪಾಯಿ ಇನ್ನೂ ತೂಗಾಡುತ್ತಿತ್ತು. ಬೆಳಿಗ್ಗೆಯಷ್ಟೇ ಅದಕ್ಕೆ ಬಳಿದಿದ್ದ ಕಿತ್ತಳೆ ಬಣ್ಣ ದೋಣಿಯ ಬಿಳಿ ಮಗ್ಗುಲಿಗೆ ಮೊಳದುದ್ದ ಮೆತ್ತಿಕೊಂಡಿತ್ತು.

"ತಾಗಿತು."

"ಯಾರಾದ್ರೂ ನೋಡಿದ್ರಾ?"

"ನಾನು ನೋಡಿದೆ."

"ನೀನು ನೋಡಿದ್ದು ಲೆಕ್ಕಕ್ಕಿಲ್ಲ ಬಿಡಕ್ಕ," ಎಂದು ನಕ್ಕ.

ಪೀಪಾಯಿಗೆ ತಾಗಿಸಿದವರು, ಯಾರೂ ಹೇಳುವ ಮೊದಲೇ, ತಾವಾಗಿ ಒಂದು ಪೂರ್ತಿ ಸುತ್ತು ಹಾಕಿ ಮುಂದೆ ಹೋಗಬೇಕು. ಹಾಯಿದೋಣಿ ಪಂದ್ಯದ ಈ ನಿಯಮವೇ ತಮ್ಮನನ್ನು ಮಂತ್ರಿ ಮಾಡಿತ್ತು. ಹರೆಯದಲ್ಲೊಮ್ಮೆ, ಕೈಗೆ ಬಂದ ಪಂದ್ಯದಲ್ಲಿ, ಅವನ ದೋಣಿ ಸುತ್ತು ಹಾಕಿ ಸೋತ ಚಿತ್ರ ಪತ್ರಿಕೆಗಳಲ್ಲಿ ಬಂದು ಅವನಿಗೆ 'ಸುತ್ತು ಹಾಕಿದವನು' ಎಂದೇ ಹೆಸರಾಗಿತ್ತು. ಆ ದಿನ ಚುಕ್ಕಾಣಿ ತಿರುಗಿಸಿದವಳು ಅಕ್ಕ. "ಬೇಡಕ್ಕ, ಹುಚ್ಚು ಹಿಡೀತಾ ನಿನಗೆ!" ಎಂದು ಅರಚಿದವನು ತಮ್ಮ. ಅರಚಾಟ ಚಿತ್ರದಲ್ಲಿ ಬಂದಿರಲಿಲ್ಲ.

ಅದನ್ನೂ ಅವಳು ನುಂಗಿಕೊಂಡಿದ್ದಳು. ನುಂಗಲಾಗದೆ ಗಂಟಲಲ್ಲೇ ನಿಂತದ್ದು ಬೇರೆ. ಅಪ್ಪ ತೀರಿಕೊಂಡಾಗ, ಅಜ್ಜನ ಕಾಲದಿಂದ ಮನೆತನದ ಕೈಯಲ್ಲಿದ್ದ ಕ್ಷೇತ್ರಕ್ಕೆ ಅವಳನ್ನೇ ನಿಲ್ಲಿಸಬೇಕೆಂದು ಪಕ್ಷದ ಹಿರಿಯರು ಮನೆಗೆ ಬಂದಿದ್ದರು. ಅವಳು ಒಳಕೋಣೆಯಲ್ಲಿ ಅಮ್ಮನಿಗೆ ನೀರು ಕುಡಿಸುತ್ತಿದ್ದಳು. "ಅಕ್ಕನಿಗೆ ಇದೆಲ್ಲ ಇಷ್ಟವಿಲ್ಲ" ಎಂದು ಹಜಾರದಲ್ಲಿ ತಮ್ಮನ ದನಿ ಕೇಳಿಸಿತು. ಅವಳು ಲೋಟ ಹಿಡಿದೇ ಹೊರಗೆ ಬರುವಷ್ಟರಲ್ಲಿ ಹಿರಿಯರು ಅವನ ಬೆನ್ನು ತಟ್ಟುತ್ತಿದ್ದರು. ಅಂದಿನಿಂದ ಅವನ ಭಾಷಣ ತಿದ್ದುತ್ತ, ಅವನ ಹಾಯಿಯ ಹಗ್ಗ ಹಿಡಿಯುತ್ತ ತಲೆ ನರೆಯಿತು. ನಾಳೆ ಅವನು ಪ್ರಧಾನಿಯಾಗುವವನಿದ್ದ.

'ಸುತ್ತು ಹಾಕು' ಎಂಬ ಮಾತು ನಾಲಿಗೆಯ ತುದಿಗೆ ಬಂತು. ಹಿಂದಿನ ದೋಣಿ ಇನ್ನೂ ದೂರವಿತ್ತು. ಹೇಳಿದರೆ ಹಾಕಿಯೂ ಹಾಕಿಯಾನು. ಮತ್ತೊಮ್ಮೆ ದೊಡ್ಡವನಾದಾನು, ಮತ್ತೆ ಅವಳಿಂದಲೇ. ಅವಳು ತುಟಿ ಬಿಗಿದು ಹಗ್ಗ ಎಳೆದಳು.

ಗೆಲುವಿನ ಗೆರೆ ದಾಟಿದ ಮೇಲೆ ತಮ್ಮ ಒಂದು ಬಿಳಿ ಬಟ್ಟೆ ಎಸೆದ. "ದಡ ಸೇರೋ ಮುಂಚೆ ಆ ಬಣ್ಣ ಒರೆಸಿಬಿಡಕ್ಕ."

ಅವಳು ಅಂಚಿನ ಆಚೆಗೆ ಬಾಗಿದಳು. ಅವನಿಗೆ ಅವಳ ಬೆನ್ನಷ್ಟೇ ಕಾಣುತ್ತಿತ್ತು. ಬಣ್ಣ ಇನ್ನೂ ಹಸಿ. ನಾಲ್ಕು ಸಲ ಉಜ್ಜಿದ್ದರೆ ಹೋಗುತ್ತಿತ್ತು. ಅವಳು ತೋಳನ್ನು ಮಾತ್ರ ಗಾಳಿಯಲ್ಲಿ ಆಡಿಸಿದಳು.

"ಹೋಯ್ತಾ?"

"ಹೋಗ್ತಾ ಇದೆ."

ದಡದಲ್ಲಿ ಬಣ್ಣದ ಮಗ್ಗುಲು ನೀರಿನ ಕಡೆಗಿರುವಂತೆ ದೋಣಿ ನಿಂತಿತು. ಅವಳು ಮೂತಿಗೊಂದೇ ಹಗ್ಗ ಬಿಗಿದಳು. ಹಿಂಬದಿಯದನ್ನು ಹಾಗೇ ಬಿಟ್ಟಳು.

ಗೆದ್ದ ದೋಣಿಯವರೆಲ್ಲ ಬಹುಮಾನದ ಬಟ್ಟಲಿನ ಮೇಲೆ ಕೈಯಿಟ್ಟು, ನಿಯಮ ಮುರಿದಿಲ್ಲ ಎಂಬುದಕ್ಕೆ ಆಣೆಯಾಗಿ, ಒಬ್ಬೊಬ್ಬರಾಗಿ "ಶುದ್ಧ" ಎನ್ನಬೇಕು. ಆಮೇಲೆಯೇ ಬಟ್ಟಲು ಅವರದು. "ಸುತ್ತು ಹಾಕಿದವರನ್ನೇ ಕೇಳೋದಂದ್ರೆ ನನಗೇ ನಾಚಿಕೆ," ಎಂದ ಸಂಘದ ಕಾರ್ಯದರ್ಶಿ. ಜನ ನಕ್ಕರು. ಕ್ಯಾಮೆರಾಗಳು ಹತ್ತಿರ ಬಂದವು.

"ಶುದ್ಧ," ಎಂದ ತಮ್ಮ, ಭಾಷಣದ ದನಿಯಲ್ಲಿ. "ಅಕ್ಕಂದೂ ಅದೇ ಮಾತು ಅಂತ ಬರ್ಕೊಳ್ಳಿ. ಅವಳಿಗೆ ಇದೆಲ್ಲ ಇಷ್ಟವಿಲ್ಲ."

"ಇದೆ ಕಣೋ," ಎಂದಳು ಅಕ್ಕ. "ಮೊದಲಿಂದಲೂ ಇದೆ."

ಅವಳು ಬಟ್ಟಲು ಮುಟ್ಟಲಿಲ್ಲ. ಕೋಟಿನ ಜೇಬಿನಿಂದ ಮಡಿಸಿದ ಬಟ್ಟೆ ತೆಗೆದು ಅವನ ಅಂಗೈಯಲ್ಲಿಟ್ಟಳು. ತಮ್ಮ ಮಡಿಕೆ ಬಿಚ್ಚಿದ, ಮಗುಚಿ ನೋಡಿದ. ಎರಡೂ ಕಡೆ ಬೆಳ್ಳಗಿತ್ತು.

ಅಕ್ಕ ದೋಣಿಯ ಕಡೆ ನೋಡುತ್ತಿದ್ದಳು. ಕ್ಯಾಮೆರಾಗಳೂ ಅತ್ತ ತಿರುಗಿದವು. ಒಂದೇ ಹಗ್ಗಕ್ಕೆ ಕಟ್ಟಿದ ದೋಣಿ, ಹಿಂಬದಿಗೆ ಗಾಳಿ ಸಿಕ್ಕಿ, ಆಚೆಯ ಮಗ್ಗುಲನ್ನು ದಡಕ್ಕೆ ತೋರಿಸುತ್ತ ಮೆಲ್ಲಮೆಲ್ಲಗೆ ಸುತ್ತತೊಡಗಿತ್ತು.