ಸರಪಳಿ ಹಾಕಿದ ಟ್ಯಾಬು

ಗಂಡಸರ ಸರ್ಜರಿ ವಾರ್ಡಿನಲ್ಲಿ ಜಡ್ಜಕ್ಕ ಒಪ್ಪದ ಕೆಲಸಕ್ಕೆ ಬೇರೆ ಯಾವ ನರ್ಸೂ ಕೈ ಹಾಕುವುದಿಲ್ಲ. ಇದು ಹೆಡ್ ಸಿಸ್ಟರಿಗೆ ಗೊತ್ತಿಲ್ಲದ್ದೇನಲ್ಲ. ತಾನು ಹೊಸದಾಗಿ ಕೆಲಸಕ್ಕೆ ಬಂದಾಗ ಸೂಜಿ ಹಿಡಿಯುವುದನ್ನು ಕಲಿಸಿದವಳೇ ಈ ಜಡ್ಜಕ್ಕ. ಈಗ ಹುದ್ದೆಯಲ್ಲಿ ತಾನು ಮೇಲೆ, ಸರಿ. ಆದರೆ ಅವಳು ಎದುರಿಗೆ ಬಂದರೆ ಇವತ್ತಿಗೂ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಜಡ್ಜಕ್ಕ ಅನ್ನುವುದು ಏನು ಹೇಳಿದರೂ ತೀರ್ಪು ಕೊಟ್ಟ ಹಾಗೆ ಹೇಳುವುದರಿಂದ ಬಂದ ಹೆಸರು. ರೋಗಿಗಳ ವಿವರ ದಾಖಲಿಸುವ ಹೊಸ ಟ್ಯಾಬುಗಳು ವಾರ್ಡಿಗೆ ಬಂದ ದಿನವೇ ತೀರ್ಪು ಹೊರಬಿದ್ದಿತ್ತು: "ಬರೆಯೋದು ಹೋಗಿ ಗಾಜು ಒರೆಸೋ ಕೆಲಸ ಬಂತು ನೋಡ್ರೇ!"

ಟ್ಯಾಬನ್ನು ಯಾರೂ ಈ ವಾರ್ಡಿನ ತಲೆಗೆ ಕಟ್ಟಿದ್ದಲ್ಲ. ಸೂಪರಿಂಟೆಂಡೆಂಟರ ಮೀಟಿಂಗಿನಲ್ಲಿ "ಯಾರ ವಾರ್ಡಿಂದ ಶುರು ಮಾಡೋಣ?" ಅಂದಾಗ ಉಳಿದ ಹೆಡ್ ಸಿಸ್ಟರುಗಳೆಲ್ಲ ಫ್ಯಾನು ನೋಡುತ್ತ ಕೂತಿದ್ದರು. ಈ ವಾರ್ಡಿನ ಹೆಡ್ ಸಿಸ್ಟರು ಮಾತ್ರ ಕೈ ಎತ್ತಿದಳು. ರಟ್ಟಿನ ಮೇಲೆ ಸಿಕ್ಕಿಸಿದ ಹಾಳೆಯಲ್ಲಿ ಒಬ್ಬರ ಅಕ್ಷರ ಇನ್ನೊಬ್ಬರಿಗೆ ತಿಳಿಯದೆ ಆದ ಫಜೀತಿಗಳನ್ನು ನೋಡಿ ನೋಡಿ ಅವಳಿಗೆ ಸಾಕಾಗಿತ್ತು. ಈ ವಾರ್ಡಿನಲ್ಲಿ ಟ್ಯಾಬು ನಿಂತರೆ ಇಡೀ ಆಸ್ಪತ್ರೆಗೆ, ನಿಲ್ಲದಿದ್ದರೆ ಗಂಟು ಮೂಟೆ ಕಟ್ಟಿ ವಾಪಸ್. ನಾಳೆ ಬೆಳಿಗ್ಗೆ ಸೂಪರಿಂಟೆಂಡೆಂಟ್ ಸಾಹೇಬರು ರೌಂಡಿಗೆ ಬಂದು ಅದನ್ನು ತೀರ್ಮಾನಿಸುವವರಿದ್ದರು.

ಸಮಯ ನೋಡಿಕೊಂಡು ಬಂದ ಹಾಗೆ, ಇವತ್ತೇ ಸಂಜೆ ನಾಲ್ಕರ ಹೊತ್ತಿಗೆ ಗಲಾಟೆ ಶುರುವಾಯಿತು.

ಹರ್ನಿಯಾ ಆಪರೇಷನ್ ಆದ ಬಡಗಿ ನೋವಿನಿಂದ ಹಲ್ಲು ಕಚ್ಚಿಕೊಂಡು ಮಲಗಿದ್ದ. ಸಂಜೆ ಪಾಳಿಯ ನರ್ಸು ನೋವಿನ ಇಂಜೆಕ್ಷನ್ ಕೊಡೋಣವೆಂದು ಮೇಜಿನ ಹತ್ತಿರ ಹೋಗಿ ಟ್ಯಾಬು ನೋಡಿದರೆ ಪರದೆ ಕೆಂಪಾಯಿತು. ಹಿಂದಿನ ಡೋಸು ಮಧ್ಯಾಹ್ನ ಎರಡಕ್ಕೆ ಆಗಿದೆ, ಆರು ಗಂಟೆ ಕಳೆಯುವವರೆಗೆ ಇನ್ನೊಂದು ಕೊಡಬಾರದು ಎಂದಿತು.

"ಎರಡಕ್ಕೆ ಯಾರು ಕೊಟ್ರು? ನಾನು ಇಲ್ಲೇ ಕೂತಿದ್ನಲ್ಲ!" ಬಡಗಿಯ ಹೆಂಡತಿ ಸೊಂಟಕ್ಕೆ ಕೈ ಕೊಟ್ಟು ನಿಂತಳು. "ನೋವು ನಮ್ಮೋರಿಗೋ, ಆ ಡಬ್ಬಕ್ಕೋ?"

"ನಾನೇನ್ ಮಾಡ್ಲಮ್ಮ, ಅದು ಬೇಡ ಅಂತಿದೆ."

"ಅದು ಬೇಡ ಅಂದ್ರೆ ಅದಕ್ಕೇ ಚುಚ್ಚು!"

ಪಕ್ಕದ ಮಂಚದವರೂ ನಕ್ಕರು. ಬಡಗಿ ನಗಲು ಹೋಗಿ ಹೊಲಿಗೆ ಹಿಡಿದುಕೊಂಡ. ಹೆಡ್ ಸಿಸ್ಟರು ನಗಲಿಲ್ಲ. ಬೆಳಗಿನ ಪಾಳಿ ಮುಗಿಸಿ ಮನೆಗೆ ಹೋಗಿದ್ದ ಜಡ್ಜಕ್ಕನಿಗೆ ನೇರವಾಗಿ ಫೋನು ಮಾಡಿದಳು.

"ಅಕ್ಕಾ, ಮಲಗಿದ್ರಾ?"

"ಅದನ್ನ ಕೇಳೋಕೆ ಫೋನ್ ಮಾಡಿದ್ಯಾ? ವಿಷಯಕ್ಕೆ ಬಾ."

"ಬಡಗಿಗೆ ನೋವಿನ ಇಂಜೆಕ್ಷನ್ ಎಷ್ಟೊತ್ತಿಗೆ ಕೊಟ್ರಿ?"

"ಬೆಳಿಗ್ಗೆ ರೌಂಡಿಗೆ ಮುಂಚೆ. ಹತ್ತೂ ಆಗಿರಲಿಲ್ಲ. ಯಾಕೆ?"

"ಟ್ಯಾಬಿಗೆ ಯಾವಾಗ ಹಾಕಿದ್ರಿ?"

"ಎಲ್ಲಾ ಸೇರಿಸಿ ಪಾಳಿ ಮುಗಿಯೋವಾಗ ಹಾಕ್ದೆ. ಪಟ್ಟಿ ನೋಡ್ಕೊಂಡು. ದಿನಾ ಮಾಡೋ ಹಾಗೇ."

ಅಲ್ಲಿತ್ತು ನೋಡಿ ಎಡವಟ್ಟು. ಆ ವಾರ್ಡಿನ ನರ್ಸುಗಳಿಗೆಲ್ಲ ಒಂದು ಅಭ್ಯಾಸ. ಬೆಳಿಗ್ಗೆ ಬಂದ ಕೂಡಲೇ ಗಾಯಕ್ಕೆ ಅಂಟಿಸುವ ಪ್ಲಾಸ್ಟರನ್ನು ಗೇಣುದ್ದ ಹರಿದು ಏಪ್ರನ್ನಿನ ಮೇಲೆ ತೊಡೆಯ ಹತ್ತಿರ ಅಂಟಿಸಿಕೊಳ್ಳುವುದು, ಜ್ವರ, ಬಿಪಿ, ಇಂಜೆಕ್ಷನ್ನು ಎಲ್ಲವನ್ನೂ ಅದರ ಮೇಲೆ ಗೀಚುವುದು, ಕೊನೆಗೆ ಕೂತು ಹಾಳೆಗೆ ಇಳಿಸುವುದು. ಹಾಳೆಯಲ್ಲಾದರೆ ಕೊಟ್ಟ ಹೊತ್ತನ್ನು ಕೈಯಾರೆ ಬರೆಯುತ್ತಿದ್ದರು. ಟ್ಯಾಬು ಹಾಗಲ್ಲ. ನಾವು ಒತ್ತಿದ ಹೊತ್ತನ್ನೇ ಕೊಟ್ಟ ಹೊತ್ತೆಂದು ನಂಬುತ್ತದೆ.

ಹೆಡ್ ಸಿಸ್ಟರು ಡ್ಯೂಟಿ ಡಾಕ್ಟರಿಗೆ ವಿಷಯ ತಿಳಿಸಿ, ಅವರ ಒಪ್ಪಿಗೆ ತೆಗೆದುಕೊಂಡು ಬಡಗಿಗೆ ಇಂಜೆಕ್ಷನ್ ಕೊಡಿಸಿದಳು. ಆಮೇಲೆ 'ಪಾಸ್‌ವರ್ಡ'ನ್ನು ಕರೆಸಿದಳು. ಟ್ಯಾಬಿನ ಕಂಪನಿಯ ಹುಡುಗ ಅವನು. ಯಾವ ದೂರು ಹೇಳಿದರೂ "ಪಾಸ್‌ವರ್ಡ್ ಸರಿಯಾಗಿ ಹಾಕಿದ್ರಾ ಸಿಸ್ಟರ್?" ಎಂದೇ ಕೇಳುವುದರಿಂದ ನರ್ಸುಗಳು ಅವನಿಗೆ ಅದೇ ಹೆಸರಿಟ್ಟಿದ್ದರು.

ಕಥೆಯೆಲ್ಲ ಕೇಳಿ ಅವನ ಮುಖ ಅರಳಿತು. "ಇಷ್ಟೇನಾ? ಟೈಮನ್ನ ನೀವೇ ಹಾಕ್ಕೊಳ್ಳೋ ಹಾಗೆ ಮಾಡ್ಕೊಡ್ತೀನಿ. ಅರ್ಧ ಗಂಟೆ ಕೆಲಸ. ಎಲ್ಲರೂ ಖುಷಿ!"

"ಬೇಡ."

"ಬೇಡ್ವಾ?"

"ತಡವಾಗಿ ಹಾಕಿದ್ದು ತಡ ಅಂತ್ಲೇ ಕಾಣ್ಲಿ, ಅದಕ್ಕೊಂದು ದಾರಿ ಮಾಡು. ಆದ್ರೆ ಬೇಕಾದ ಟೈಮ್ ಹಾಕ್ಕೊಳ್ಳೋ ದಾರಿ ಎಲ್ಲರಿಗೂ ತೆಗೆದುಕೊಟ್ರೆ ಪ್ಲಾಸ್ಟರ್ ಪಟ್ಟಿ ಹಾಗೇ ಉಳಿಯುತ್ತೆ. ಆಗ ನಿನ್ನ ಟ್ಯಾಬು ಯಾತಕ್ಕಪ್ಪಾ? ಬೆಳಿಗ್ಗೆ ಕೊಟ್ಟಿದ್ದು ಸಂಜೆಯವಳಿಗೆ ಬೆಳಗಿಂದು ಅಂತ್ಲೇ ಕಾಣ್ಬೇಕು. ಇಂಜೆಕ್ಷನ್ನಿಗೆ ಅಷ್ಟೊಂದು ಪ್ರಶ್ನೆ ಕೇಳುತ್ತಲ್ಲ, ಅದನ್ನ ಕಡಿಮೆ ಮಾಡು. ಯಾರಿಗೆ, ಏನು, ಎಷ್ಟು. ಅಷ್ಟು ಸಾಕು."

"ಬೆಳಿಗ್ಗೆಯೊಳಗೆ ಮಾಡ್ತೀನಿ. ಆದ್ರೆ ಸಿಸ್ಟರ್, ಮಂಚದ ಹತ್ರಾನೇ ಹಾಕ್ಬೇಕು ಅಂದ್ರೆ ಟ್ಯಾಬು ಮಂಚದ ಹತ್ರ ಹೋಗ್ಬೇಕಲ್ಲ?"

ಇಬ್ಬರೂ ನರ್ಸುಗಳ ಮೇಜಿನ ಕಡೆ ತಿರುಗಿದರು. ಟ್ಯಾಬುಗಳು ಸೈಕಲ್ಲಿನ ಸರಪಳಿಯಲ್ಲಿ ಮೇಜಿನ ಕಾಲಿಗೆ ಬಿಗಿಸಿಕೊಂಡು ಸಾಲಾಗಿ ಕೂತಿದ್ದವು. ಕಳುವಾಗದಿರಲಿ ಎಂದು ಆಸ್ಪತ್ರೆಯ ಸ್ಟೋರ್ ನೋಡಿಕೊಳ್ಳುವ, ಎಲ್ಲರೂ ಮಾವ ಎಂದೇ ಕರೆಯುವವನು ಮಾಡಿದ ವ್ಯವಸ್ಥೆ ಅದು. ದಿನಕ್ಕೆ ನೂರು ಸಲ ಅದರ ಮುಂದೆಯೇ ಓಡಾಡಿದರೂ ಅದು ತನ್ನ ಕಣ್ಣಿಗೇ ಬೀಳಲಿಲ್ಲವಲ್ಲ ಎಂದು ಹೆಡ್ ಸಿಸ್ಟರಿಗೆ ಕೆನ್ನೆ ಬಿಸಿಯಾಯಿತು.

ಸ್ಟೋರಿನ ಮಾವ ಸುಲಭಕ್ಕೆ ಬಗ್ಗುವ ಆಸಾಮಿಯಲ್ಲ. "ಕೈಕಾಲು ಬಂದು ನಡೆದುಹೋದ್ರೆ ಯಾರಮ್ಮ ಹೊಣೆ?"

"ನಾನು."

"ಸಂಬಳದಲ್ಲಿ ಮುರ್ಕೋತಾರೆ."

"ಮುರ್ಕೊಳ್ಳಲಿ. ಎಲ್ಲಿ ಸಹಿ ಹಾಕ್ಲಿ ಹೇಳಿ. ಬೀಗದಕೈ ಕೊಡಿ ಮಾವ, ಹೊತ್ತಾಯ್ತು."

ಮಾವ ಗೊಣಗುತ್ತಲೇ ಗೊಂಚಲು ತೆಗೆದ. ಹಾಗೆ ಪಟ್ಟು ಹಿಡಿದು ಕೇಳುವವರ ಎದುರು ಅವನ ಆಟ ಯಾವತ್ತೂ ನಡೆದಿಲ್ಲ.

ಮನೆಗೆ ಹೋದಾಗ ಗಂಡ ಹೊಲಿಗೆ ಮಷಿನ್ನಿನ ಮುಂದೆ ಕೂತಿದ್ದ. ಬಟ್ಟೆ ಹೊಲಿಯುವುದು ಅವನ ಕಸುಬು. ಅವಳು ಒಂದು ಟ್ಯಾಬಿನ ಅಳತೆ ಹೇಳಿ, ಔಷಧದ ಟ್ರಾಲಿಯ ಕಂಬಿಗೆ ತೂಗುಹಾಕುವ ಚೀಲ ಬೇಕು, ಇವತ್ತೇ ಬೇಕು ಎಂದಳು. ಅವನು ನಡೆದದ್ದನ್ನೆಲ್ಲ ಅವಳ ಬಾಯಿಂದ ಕೇಳುತ್ತ ದಪ್ಪ ಬಟ್ಟೆ ಹುಡುಕಿದ.

"ನಿಮ್ಮ ಜಡ್ಜಕ್ಕನ ಮೇಲೆ ಕೂಗಾಡಬೇಡ ಕಣೇ. ನನ್ನ ಮಷಿನ್ನಿಗೆ ಮೋಟರ್ ಹಾಕಿಸಿದಾಗ ನಾನೇನ್ ಮಾಡ್ತಿದ್ದೆ?"

"ತಿಂಗಳುಗಟ್ಟಲೆ ಸುಮ್ಮನೆ ಕಾಲಲ್ಲಿ ನೆಲ ತುಳೀತಿದ್ರಿ. ನೋಡೋಕೆ ಎರಡು ಕಣ್ಣು ಸಾಲ್ತಿರಲಿಲ್ಲ."

"ತಲೆಗೆ ಗೊತ್ತಿತ್ತು, ಕಾಲಿಗೆ ಗೊತ್ತಿರಲಿಲ್ಲ. ಎರಡು ಹೊಲಿದ್ರೆ ಸಾಕಾ?"

"ಟ್ರಾಲಿ ನಾಲ್ಕಿವೆ."

"ಹಾಗಾದ್ರೆ ಅಡುಗೆ ನಿಂದು," ಎಂದು ಕತ್ತರಿ ಎತ್ತಿಕೊಂಡ.

ಬೆಳಿಗ್ಗೆ ಜಡ್ಜಕ್ಕ ಬರುವುದರೊಳಗೆ ಹೆಡ್ ಸಿಸ್ಟರು ಪ್ರಶ್ನೆ ಕಡಿಮೆಯಾದ ಟ್ಯಾಬುಗಳನ್ನು ಚೀಲಕ್ಕೆ ಹಾಕಿ, ಟ್ರಾಲಿಗಳನ್ನು ಸಜ್ಜು ಮಾಡಿ ನಿಂತಿದ್ದಳು. ಜಡ್ಜಕ್ಕ ಚೀಲ ನೋಡಿದಳು, ಬರಿದಾದ ಮೇಜು ನೋಡಿದಳು, ಎಂದಿನಂತೆ ಪ್ಲಾಸ್ಟರು ಹರಿದು ಏಪ್ರನ್ನಿಗೆ ಅಂಟಿಸಿಕೊಂಡಳು.

"ಅಕ್ಕಾ, ನಿನ್ನೆ ಆ ಬಡಗಿ ಪಾಪ, ಸುಮ್ಮಸುಮ್ಮನೆ ಒದ್ದಾಡಿಬಿಟ್ಟ."

"ನನ್ನಿಂದ ಅಂತೀಯಾ?"

ಈ ಪ್ರಶ್ನೆಗೆ ತೇಲಿಸಿ ಉತ್ತರ ಕೊಟ್ಟರೆ ಕೆಟ್ಟಿತು ಎಂದು ಅವಳಿಗೆ ಗೊತ್ತಿತ್ತು. "ಅರ್ಧ ನಿಮ್ಮಿಂದ. ಇನ್ನರ್ಧ ನನ್ನಿಂದ. ಕಟ್ಟಿಹಾಕಿದ ಟ್ಯಾಬಿನ ಮುಂದೆ ಕೂತು ನಿಮಗೆಲ್ಲ ಪಾಠ ಮಾಡ್ತಿದ್ದೋಳು ನಾನು. ಇವತ್ತು ಮೊದಲ ಸಾಲಿನ ಮಂಚಗಳನ್ನ ನೀವು ಟ್ಯಾಬಲ್ಲೇ ಮಾಡಿ. ಇದು ಕೆಲಸಕ್ಕೆ ಅಡ್ಡ ಬಂದ್ರೆ ಸಾಹೇಬರ ಎದುರೇ ಹೇಳಿ, ನಾನೇ ಪ್ಯಾಕ್ ಮಾಡಿ ಕಳಿಸ್ತೀನಿ."

"ಹೇಳ್ತೀನಿ ಮತ್ತೆ! ನಿನ್ನ ಮುಖ ನೋಡ್ಕೊಂಡು ಬಿಡೋಳಲ್ಲ ನಾನು."

"ಅದಕ್ಕೇ ನಿಮಗೆ ಹೇಳ್ತಿರೋದು."

ಮೊದಲ ಮಂಚದಲ್ಲಿ ಜಡ್ಜಕ್ಕ ಬಿಪಿ ನೋಡಿ, ಪಟ್ಟಿಯ ಮೇಲೂ ಗೀಚಿ, ಟ್ಯಾಬಿಗೂ ಹಾಕಿದಳು. ಎರಡನೆಯದರಲ್ಲೂ ಅದೇ. ಹೆಡ್ ಸಿಸ್ಟರು ದೂರದಲ್ಲಿ ಚಾದರ ಎಣಿಸುವ ನೆಪದಲ್ಲಿ ನಿಂತಿದ್ದಳು. ಮೂರನೆಯದರಲ್ಲಿ ಪೆನ್ನು ಪಟ್ಟಿಯ ತನಕ ಹೋಗಿ ನಿಂತಿತು. ಒಂದೇ ಕೆಲಸವನ್ನು ಎರಡೆರಡು ಸಲ ಮಾಡುವ ಜನ್ಮ ಅಲ್ಲ ಜಡ್ಜಕ್ಕನದು. ಪೆನ್ನು ಜೇಬಿಗೆ ಹೋಯಿತು. ಅದನ್ನು ನೋಡಿ ಆಚೆ ಸಾಲಿನ ನರ್ಸುಗಳೂ ತಮ್ಮ ತಮ್ಮ ಟ್ರಾಲಿ ಎಳೆದುಕೊಂಡರು.

ಬಡಗಿಯ ಮಂಚದ ಹತ್ತಿರ ಜಡ್ಜಕ್ಕ ಇಂಜೆಕ್ಷನ್ ಕೊಟ್ಟು ಟ್ಯಾಬಿಗೆ ಬಗ್ಗಿದ್ದಾಗಲೇ ಸೂಪರಿಂಟೆಂಡೆಂಟರ ಪರಿವಾರ ಒಳಗೆ ಬಂತು. ಸಾಹೇಬರು ನೇರವಾಗಿ ಟ್ರಾಲಿಗೆ ಅಡ್ಡ ನಿಂತು, "ಹೇಗಿದೆ ಸಿಸ್ಟರ್ ಇದು? ಇಟ್ಕೊಳ್ಳೋಣ್ವಾ, ಕಳಿಸೋಣ್ವಾ?" ಎಂದರು.

"ಸ್ವಲ್ಪ ಪಕ್ಕಕ್ಕೆ ಬನ್ನಿ ಸಾರ್," ಎಂದಳು ಜಡ್ಜಕ್ಕ ತಲೆ ಎತ್ತದೆ. "ಇದನ್ನ ಮುಗಿಸದೆ ನಾನು ಮುಂದಿನ ಮಂಚಕ್ಕೆ ಹೋಗೋಲ್ಲ."

ಸಾಹೇಬರು ಪಕ್ಕಕ್ಕೆ ಬಂದರು. ಬಡಗಿಯ ಹೆಂಡತಿ ಕತ್ತು ಚಾಚಿ ಪರದೆ ನೋಡಿ, "ಈಗ ಕೊಟ್ಟಿದ್ದು ಈಗಲೇ ಬಂತಾ?" ಎಂದು ಖಾತ್ರಿ ಮಾಡಿಕೊಂಡಳು. "ಬಂತು ತಾಯಿ, ಸಂಜೆ ಯಾರ ಹತ್ರಾನೂ ಜಗಳ ಆಡ್ಬೇಡ," ಎಂದು ಟ್ರಾಲಿ ತಳ್ಳಿದಳು ಜಡ್ಜಕ್ಕ.

ಸೂಪರಿಂಟೆಂಡೆಂಟರಿಗೆ ಉತ್ತರ ಸಿಕ್ಕಿತ್ತು. ಹೆಡ್ ಸಿಸ್ಟರ ಕಡೆ ತಿರುಗಿ, "ಮುಂದಿನ ವಾರ ಹೆಂಗಸರ ವಾರ್ಡಿಗೂ ಕೊಡೋಣ. ಕಲಿಸೋಕೆ ನಿಮ್ಮ ಈ ಸಿಸ್ಟರನ್ನ ಅಲ್ಲಿಗೆ ಕಳಿಸ್ತೀರಾ?" ಎಂದರು.

"ಅವರನ್ನ ಕೇಳ್ಬೇಕು ಸಾರ್."

"ನಾನೆಲ್ಲೂ ಬರೋಲ್ಲ," ಮೂರು ಮಂಚದ ಆಚೆಯಿಂದ ತೀರ್ಪು ಬಂತು. "ಕಲಿಯೋರಿಗೆ ಬೇಕಾದ್ರೆ ಅವರೇ ಇಲ್ಲಿಗೆ ಬರ್ಲಿ. ಬೆಳಿಗ್ಗೆ ಏಳಕ್ಕೆ. ತಡ ಆದ್ರೆ ಒಳಗೆ ಬಿಡಲ್ಲ."

"ಕೇಳಿಸ್ತಲ್ಲ ಸಾರ್," ಎಂದಳು ಹೆಡ್ ಸಿಸ್ಟರು. "ಏಳಕ್ಕೆ ಕಳಿಸಿ."