ಎಡಬಾಗಿಲು

ಮೂರನೆಯ ಮಹಡಿಯಲ್ಲಿ ನಿತ್ಯಾನಂದರ ದೇಹಕ್ಕೆ ಸ್ನಾನ ಮಾಡಿಸುತ್ತಿದ್ದ ಹೊತ್ತಿಗೆ, ಕೆಳಗೆ ಅವರ ಹೆಂಡತಿ ಕುಸುಮಾವತಿ ಹಳೆಯ ಅಂಬಾಸಡರ್ ಕಾರಿನ ಎಡಬಾಗಿಲಿಗೆ ಒಳಹಲಗೆ ಕೂರಿಸುತ್ತಿದ್ದರು. ಹಲಗೆ ಎಂದರೆ ಹಾರ್ಡ್‌ಬೋರ್ಡು, ಅದರ ಮೇಲೆ ಕೆನೆಬಣ್ಣದ ರೆಕ್ಸಿನ್, ಬೆನ್ನಿಗೆ ಸುತ್ತಲೂ ಕ್ಲಿಪ್ಪುಗಳು. ಒಂದೊಂದನ್ನೂ ಬಾಗಿಲ ತಗಡಿನ ತೂತಿಗೆ ನೇರ ಹಿಡಿದು ಅಂಗೈಯಿಂದ ಗುದ್ದಬೇಕು. ಗುದ್ದುತ್ತಿದ್ದರು. ಲೇಕ್ ಗಾರ್ಡನ್ಸ್‌ನ ಮಂಜು ಇನ್ನೂ ಕರಗಿರಲಿಲ್ಲ. ಎಲ್ಲೋ ನಿದ್ದೆಯೊಳಗಿಂದ ಹೋದ ಹಾಗೆ ಲೋಕಲ್ ರೈಲೊಂದು ಹೋಯಿತು.

ಗಂಡ ಹೋದ ಮರುದಿನ ಹೆಂಗಸೊಬ್ಬಳು ಹೀಗೆ ಕಾರು ರಿಪೇರಿಗೆ ಕೂತರೆ ತಲೆ ಕೆಟ್ಟಿದೆ ಎನ್ನದೆ ಜನ ಇನ್ನೇನು ಅಂದಾರು? ಆದರೆ ಪಾಡಾದವರು, ಅಂದರೆ ಆ ಓಣಿಯ ಬಂಗಾಳಿಗಳು, ಏನೂ ಅನ್ನಲಿಲ್ಲ. ಶವದ ಗಾಡಿಯ ಜೊತೆ ದಾರಿಯುದ್ದಕ್ಕೂ ಎರಚಲು ಒಂದು ಬುಟ್ಟಿ ಖೋಯಿ, ನಮ್ಮ ಕಡೆಯ ಭತ್ತದ ಅರಳು, ತಂದಿಟ್ಟು ದೂರ ನಿಂತರು. ಅಂದವನು ಉಡುಪಿಯಿಂದ ಬಂದಿಳಿದ ಮೈದುನ ಶ್ರೀಕರ.

"ಅತ್ತಿಗೆ, ನಮ್ಮಲ್ಲಿ ಹೆಂಗಸರು ಮಸಣಕ್ಕೆ ಹೋಗುವ ಕ್ರಮ ಉಂಟಾ? ನೀವು ಮನೆಯಲ್ಲಿರಿ."

ಇಲ್ಲಿ ಹೆಂಗಸರೂ ಮಸಣದ ಘಾಟಿಗೆ ಹೋಗುತ್ತಾರೆ, ನಾನು ಅರ್ಧ ಆಯುಷ್ಯ ಇಲ್ಲಿಯದೇ ನೀರು ಕುಡಿದವಳು ಎಂದು ಕುಸುಮಾವತಿ ವಾದಿಸಬಹುದಿತ್ತು. ಇನ್ನೊಂದು ಕ್ಲಿಪ್ಪು ಗುದ್ದಿದರು.

"ಈ ಬಾಗಿಲು ಮುಗಿದ್ರೆ ಮೊದಲ ಸವಾರಿ ನಿಂಗೆ ಅಂತ ನಂಗೆ ಹೇಳಿದ್ರು ನಿನ್ನಣ್ಣ. ಮುಗಿಯುತ್ತಾ ಬಂತು. ಅವರೊಬ್ಬರನ್ನೇ ಕಳಿಸೂದು ಹೇಗೆ?"

*

ಬ್ಯಾಂಕಿನಿಂದ ನಿವೃತ್ತರಾದ ಮೇಲೆ ನಿತ್ಯಾನಂದರಿಗೆ ಹಿಡಿದ ಹುಚ್ಚು ಆ ಕಾರು. ಮಗಳು ನಿಶ್ಮಿತಾ ಶಾಲೆಗೆ ಹೋಗುವಾಗ ಕೊಂಡದ್ದು, ಆಮೇಲೆ ಓಣಿಯಲ್ಲೇ ತುಕ್ಕು ಹಿಡಿದು ನಿಂತದ್ದು. ಎಂಜಿನ್ನು, ಬಣ್ಣ ಎಲ್ಲ ಗ್ಯಾರೇಜಿನವರು ನೋಡಿಕೊಂಡರು. ಬಾಗಿಲುಗಳ ಒಳಹಲಗೆ ಮಾತ್ರ ತಾನೇ ಮಾಡುತ್ತೇನೆಂದು ಅವರ ಹಟ.

ಹೆಂಡತಿ ಕೂರುವ ಎಡಬಾಗಿಲಿನ ಕೊಳೆತ ಹಲಗೆ ಕಿತ್ತು ಟಾರ್ಚ್ ಹಾಕಿದರೆ, ಗಾಜಿನ ಸಂದಿಯಿಂದ ಇಷ್ಟು ವರ್ಷ ಬಿದ್ದದ್ದೆಲ್ಲ ತಳದಲ್ಲಿ ಕೂತಿತ್ತು: ಕಡಲೆಕಾಯಿ ಸಿಪ್ಪೆ, ಕುಸುಮಾವತಿಯ ಹೇರ್‌ಪಿನ್ನು, ನಿಶ್ಮಿತಾ ಅತ್ತು ಅತ್ತು ಹುಡುಕಿದ್ದ ನೀಲಿ ಗೋಲಿ. ಗುಡಿಸಿ ಬಿಸಾಡಿ ಎಂದರು ಕುಸುಮಾವತಿ. ನಿತ್ಯಾನಂದರು ತುಕ್ಕು ಉಜ್ಜಿ, ಬಣ್ಣ ಬಳಿದು, ಎಲ್ಲವನ್ನೂ ಮತ್ತೆ ಒಳಗೇ ಹಾಕಿದರು.

"ಇರಲಿ ಮಾರಾಯ್ತಿ. ಬಾಗಿಲು ಇಷ್ಟು ವರ್ಷ ಜೋಪಾನ ಮಾಡಿದೆ. ಅದರದ್ದು ಅದಕ್ಕೇ ಇರಲಿ."

ಎಡವಟ್ಟಾದದ್ದು ಹೊಸ ಹಲಗೆ ಕತ್ತರಿಸುವಾಗ. ಹಳೆಯದನ್ನು ಹೊಸದರ ಬೆನ್ನ ಮೇಲೆ ಮುಖ ಮೇಲಾಗಿ ಇಟ್ಟು ಗೆರೆ ಎಳೆದರು. ರೆಕ್ಸಿನ್ ಅಂಟಿಸಿ ತಿರುಗಿಸಿದರೆ ಎಡದ್ದು ಬಲದ್ದಾಗಿತ್ತು. ಎರಡನೆಯ ಸಲವೂ ಅದೇ ಕತೆ. ಕುಸುಮಾವತಿ ಬಾಯಿಗೆ ಸೆರಗು ಒತ್ತಿ ನಕ್ಕರು. ರವಿಕೆ ಹೊಲಿಯುವವರಿಗೆಲ್ಲ ಒಮ್ಮೆ ಆಗುವ ತಪ್ಪು ಇದು, ಎರಡು ತೋಳೂ ಒಂದೇ ಕೈಯದ್ದಾಗುವುದು. ಮೂರನೆಯದಕ್ಕೆ ತಾವೇ ಸೀಮೆಸುಣ್ಣ ಹಿಡಿದು ಗೆರೆ ಎಳೆದುಕೊಟ್ಟರು, ಗಂಡ ಕತ್ತರಿಸಿದರು. ಅಂಟು ಒಣಗಲಿ, ಬರಿ ತಗಡಿನ ಅಂಚಿಗೆ ನಿನ್ನ ಸೀರೆ ಹರಿದೀತು, ನಾಳೆ ಕೂರಿಸಿ ಸುತ್ತಾಡಿಸುತ್ತೇನೆ ಎಂದು ಹಲಗೆಯನ್ನು ಬೀರುವಿಗೆ ಒರಗಿಸಿ ಮಲಗಿದರು. ಮೊನ್ನೆ ರಾತ್ರಿ ಮಲಗಿದವರು ನಿನ್ನೆ ಏಳಲಿಲ್ಲ.

*

ಕೆಳಗಿನ ಮೂಲೆ ಕೂರಲೊಲ್ಲದು. ಕುಸುಮಾವತಿಯ ಅಂಗೈ ಕೆಂಪಾಗಿತ್ತು.

"ಶ್ರೀಕರ, ಇಲ್ಲಿ ಸ್ವಲ್ಪ ಹಿಡಿ."

ಹಲಗೆ ಹಿಡಿದುಕೊಂಡು ಕ್ರಮದ ಮಾತಾಡುವುದು ಕಷ್ಟ. ಶ್ರೀಕರ ಪಂಚೆ ಎತ್ತಿ ಮಂಡಿಯೂರಿ ಹಿಡಿದ. ಅತ್ತಿಗೆ ಗುದ್ದಿದರು. ಕ್ಲಿಪ್ಪು ಟಕ್ಕೆಂದು ಕೂತಿತು, ಬಾಗಿಲಿನ ಹೊಟ್ಟೆಯಲ್ಲಿ ಏನೋ ಉರುಳಿತು. ಅದೆಂತದ್ದು ಎಂದು ಕೇಳಿದ.

"ನಮ್ಮದೇ," ಎಂದರು ಕುಸುಮಾವತಿ.

ನಿನ್ನೆಯಿಂದ ಕಟ್ಟಿಕೊಂಡಿದ್ದ ದುಃಖ ಆಗ ಒಡೆಯಿತು. ರೆಕ್ಸಿನ್ನಿಗೆ ಹಣೆಯಿಟ್ಟು ಅತ್ತರು. ಮೂಲೆ ಹಿಡಿದಿದ್ದವನೂ ಕೈಬಿಡದೆ ಅತ್ತ. ಮೇಲಿನಿಂದ ಅಣ್ಣನನ್ನು ಇಳಿಸಿ ತಂದಾಗ ಎದ್ದು ಖೋಯಿಯ ಬುಟ್ಟಿ ತಂದು, ಅತ್ತಿಗೆ ಸೀಟಿನಲ್ಲಿ ಕೂತ ಮೇಲೆ ಅವರ ಮಡಿಲಿಗಿಟ್ಟು, ತಾನು ಅಣ್ಣನ ಜೊತೆ ಶವದ ಗಾಡಿ ಹತ್ತಿದ.

ನಿಶ್ಮಿತಾ ಸ್ಟೇರಿಂಗ್ ಹಿಡಿದು ಕೂತಳು. "ಅಮ್ಮಾ, ಸ್ಲೋ ಹೋಗ್ತೀನಿ, ಠೀಕ್ ಇದೆಯಾ?"

"ನಿಧಾನಕ್ಕೇ ಹೋಗು. ಅಪ್ಪನಿಗೆ ಇವತ್ತು ಎಂತ ಅರ್ಜೆಂಟಿಲ್ಲ."

ಗಾಡಿಗಳೆರಡೂ ಮಂಜಿನಲ್ಲಿ ಟಾಲಿಗಂಜ್ ಕಡೆಗೆ ತೇಲಿದವು. ಕುಸುಮಾವತಿ ಹಿಡಿಕೆ ತಿರುಗಿಸಿ ಗಾಜು ಇಳಿಸಿ, ಮುಷ್ಟಿ ಮುಷ್ಟಿ ಅರಳು ಎರಚಿದರು. ಬಿಳಿಯಲ್ಲಿ ಬಿಳಿ ಕಾಣದಾಯಿತು. ಕೆಲವು ಕಾಳು ಗಾಳಿಗೆ ತಿರುಗಿ ಬಂದು ಗಾಜಿನ ಸಂದಿಗೆ ಬಿದ್ದವು.

"ಅಮ್ಮಾ, ಡೋರ್ ಒಳಗೆ ಬೀಳ್ತಾ ಇದೆ."

ಕುಸುಮಾವತಿ ಇನ್ನೊಂದು ಮುಷ್ಟಿ ತೆಗೆದರು. ಅರ್ಧವನ್ನು ದಾರಿಗೆ ಎರಚಿದರು. ಉಳಿದರ್ಧವನ್ನು ಒಂದೊಂದೇ ಕಾಳಾಗಿ ಆ ಸಂದಿಯೊಳಗೆ ಬಿಟ್ಟರು.