ತಪಾಸಣೆಯ ದಿನ ತೆರೆದ ಬಾಗಿಲು

ಅದನ್ನು ಮನೆ ಎಂದು ಕರೆಯಲು ಚನ್ನವೀರಪ್ಪ ಸಾವುಕಾರನಿಗೆ ಮಾತ್ರ ಬಾಯಿ ಬರುತ್ತಿತ್ತು. ಶಿಗ್ಗಾಂವದ ಹಳೆಯ ಗೋದಾಮು ಅದು. ಹೈವೇ ಮಗ್ಗುಲಿಗೆ ಹೊಸ ಗೋದಾಮು ಕಟ್ಟಿಸಿದ ಮೇಲೆ ಸಾವುಕಾರ ಹಳೆಯದಕ್ಕೆ ಪ್ಲೈವುಡ್ ಗೋಡೆ ಬಡಿಸಿ, ಸಾಲಾಗಿ ಖೋಲಿ ಮಾಡಿ ಬಾಡಿಗೆಗೆ ಬಿಟ್ಟ. ಮೆಕ್ಕೆಜೋಳಕ್ಕೆ ಕಿಟಕಿ ಬೇಕಿರಲಿಲ್ಲ. ಮನುಷ್ಯರಿಗೂ ಬೇಡವೆಂದು ತಿಳಿದನೋ ಏನೋ. ಮುಂದೊಂದು ಬಾಗಿಲು, ಹಿಂದೊಂದು ಬಾಗಿಲು. ನಡುವೆ, ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಅಂಟಿಕೊಳ್ಳಬೇಕಾದಂಥ ಓಣಿ. ಹಿಂಬಾಗಿಲಿಗೆ ಹೊರಗಿನಿಂದ ಬೀಗ. ಒಳಗಡೆ ಅದಕ್ಕೆ ಒತ್ತಿ ಜೋಳ ತುಂಬಿದ ಚೀಲಗಳು, ಅವುಗಳ ಮೇಲೆ ಸೂರು ಮುಟ್ಟುವಷ್ಟು ಖಾಲಿ ಗೋಣಿ.

ಆ ಚೀಲಗಳ ಪಕ್ಕದ ಕೊನೆಯ ಖೋಲಿ ಅಖ್ತರುನ್ನೀಸಾಳದು. ಗಂಡ ಅಕ್ಬರಸಾಬ ಇದೇ ಸಾವುಕಾರನ ಅಂಗಡಿಯಲ್ಲಿ ಹಮಾಲನಾಗಿದ್ದವನು. ಒಮ್ಮೆ ಎತ್ತರಕ್ಕೆ ಒಟ್ಟಿದ ಚೀಲದ ಥಪ್ಪಿ ಮೈಮೇಲೆ ಕುಸಿದು ಸೊಂಟದ ಕೆಳಗೆ ಸ್ವಾಧೀನ ತಪ್ಪಿತು. ಸಾವುಕಾರ ದವಾಖಾನೆಗೆ ಬಂದು ಮರುಗಿದ. "ನನ್ನ ಖೋಲ್ಯಾಗ ಇರ್ರಿ," ಎಂದ. ಬಜಾರವೆಲ್ಲ ಅವನನ್ನು ಹೊಗಳಿತು. ಬಾಡಿಗೆಯನ್ನು ಮಾತ್ರ ಅವನು ಒಂದು ತಿಂಗಳೂ ಬಿಡಲಿಲ್ಲ.

ಅಖ್ತರುನ್ನೀಸಾ ಟೇಲರ್ ಅಂಗಡಿಯಲ್ಲಿ ಹೊಲಿಗೆಗೆ ಹೋಗುತ್ತಿದ್ದಳು. ಕೈ ಅಲ್ಲಿ, ಜೀವ ಖೋಲಿಯಲ್ಲಿ. ಒಂದು ಸಂಜೆ ಓಣಿಯ ವೈರು ಚಟಚಟ ಕಿಡಿ ಹಾರಿಸಿದ್ದನ್ನು ಕಂಡವಳು ಮರುದಿನವೇ ಸಾವುಕಾರನ ಅಂಗಡಿ ಕಟ್ಟೆಗೆ ಹೋದಳು.

"ಸಾವಕಾರ್ರ, ಹಿಂದಿನ ಬಾಗಲಾ ತಗಸ್ರಿ. ಬೆಂಕಿ ಗಿಂಕಿ ಹತ್ತಿದ್ರ ಎಲ್ಲಾರೂ ಮುಂದ ಓಡ್ತಾರ. ನಮ್ಮವರು ಹ್ಯಾಂಗ ಬರಬೇಕ್ರಿ?"

"ಬಾಗಲಾ ತಗದ್ರ ಕಳ್ಳರು ಬರ್ತಾರ."

"ನಮ್ಮ ಕಡೆ ಕದಿಯಾಕ ಏನೈತ್ರಿ?"

"ನಿನ್ನ ಕಡೆ ಏನೂ ಇಲ್ಲಬೇ. ನನ್ನ ಚೀಲ ಅದಾವಲ್ಲ!"

ಸಾವುಕಾರ ನಕ್ಕ. ಕಟ್ಟೆಯ ಮೇಲೆ ಕೂತವರೂ ನಕ್ಕರು. ಅವಳು ತಿರುಗಿ ಬಂದಳು.

ಆಮೇಲೆ ಎಲ್ಲೋ ಒಂದು ಊರಲ್ಲಿ ಬಾಡಿಗೆ ಮನೆಗೆ ಬೆಂಕಿ ಬಿದ್ದು ಜನ ಸತ್ತರು. ಸತ್ತ ಮೇಲೆ ಸರಕಾರಕ್ಕೆ ಎಚ್ಚರವಾಯಿತು. ಬಹಳ ಮಂದಿ ಕೂಡಿ ಇರುವ ಮನೆಗಳಿಗೆ ಎರಡು ದಾರಿ ಇರಬೇಕು, ಬೆಂಕಿ ಆರಿಸುವ ಸಿಲಿಂಡರ್ ಇರಬೇಕು, ಓಣಿಯಲ್ಲಿ ಅಡ್ಡ ಏನೂ ಇರಬಾರದು ಎಂದು ತಪಾಸಣೆಗೆ ಹುಕುಂ ಬಂತು. ಇನ್ನು ಬಾಗಿಲು ತೆರೆದಂತೆಯೇ ಎಂದು ಅಖ್ತರುನ್ನೀಸಾ ಗಂಡನಿಗೆ ಖುಷಿಯಿಂದ ಹೇಳಿದಳು.

ತೆರೆಯಿತು ಕೂಡ. ತಪಾಸಣೆಯ ಮುಂಜಾನೆ ಸಾವುಕಾರನ ಗುಮಾಸ್ತ ಫಕ್ಕೀರೇಶ ಟಂಟಂ ಗಾಡಿ ತುಂಬ ಕೆಂಪು ಸಿಲಿಂಡರ್ ತಂದಿಳಿಸಿದ. ಅವು ಸಾವುಕಾರನ ಹೈವೇ ಲಾಡ್ಜಿನವು. ತಪಾಸಣೆಯ ಸಾಹೇಬರು ಲಾಡ್ಜು ನೋಡಿ, ನಾಷ್ಟಾ ಮಾಡಿ ಇಲ್ಲಿಗೆ ಬರುವುದರೊಳಗೆ ಸಿಲಿಂಡರುಗಳು ಒಳದಾರಿ ಹಿಡಿದು ಮೊದಲೇ ಬಂದಿದ್ದವು.

"ಎಲ್ಲಾರೂ ಚೀಲ ಎತ್ತ್ರಿ," ಫಕ್ಕೀರೇಶ ಕೂಗಿದ. "ಪಾಸ್ ಆಗಲಿಲ್ಲಂದ್ರ ಮನಿಗೆ ಕೀಲಿ ಬೀಳ್ತೈತಿ. ಆಮ್ಯಾಲ ಬಸ್‌ಸ್ಟ್ಯಾಂಡಿನ್ಯಾಗ ಹಾಸ್ಕೋರಿ. ಸಾಹೇಬ್ರ ಮುಂದ ಯಾರೂ ಬಾಯಿ ಬಿಡಬ್ಯಾಡ್ರಿ."

ಮಂದಿ ಹೆದರಿದರು. ಹೋಟೆಲಿನಲ್ಲಿ ದುಡಿಯುವ ರಫೀಕ ಚೀಲ ಹೊತ್ತ. ಖಾನಾವಳಿಗೆ ರೊಟ್ಟಿ ಬಡಿದು ಕೊಡುವ ಹಿರೇಬೆಂಡಿಗೇರಿಯ ನಾಗವ್ವ ಖೋಲಿಯೊಳಗಿನ ಒಲೆ, ಹಂಚು ಎಲ್ಲವನ್ನೂ ಸಾಹೇಬರಿಗೆ ಕಾಣದಂತೆ ಕೌದಿಯಲ್ಲಿ ಸುತ್ತಿಟ್ಟಳು. ಸಾವುಕಾರನ ಮನೆ ಪಾಸಾಗಲೆಂದು ಬಾಡಿಗೆಯವರು ಬೆವರು ಸುರಿಸಿದರು.

ಸಾಹೇಬರು ಬಂದರು. ಹಿಂಬಾಗಿಲಿನಿಂದ ಗಾಳಿ ಬೀಸುತ್ತಿತ್ತು. ಎಷ್ಟೋ ದಿನದ ಮೇಲೆ ಮುಖಕ್ಕೆ ಬಿಸಿಲು ಬಿದ್ದು ಅಕ್ಬರಸಾಬ ಹಾಸಿಗೆಯಲ್ಲೇ ಕಣ್ಣು ಕಿರಿದು ಮಾಡಿ ನಗುತ್ತಿದ್ದ.

"ಈ ಬಾಗಲಾ ಯಾವಾಗಲೂ ಹಿಂಗ ತಗದಿರ್ತದೇನಮ್ಮ?" ಸಾಹೇಬರು ಅಖ್ತರುನ್ನೀಸಾಳನ್ನೇ ಕೇಳಿದರು.

ಮಾತು ಅವಳ ಗಂಟಲಿಗೆ ಬಂದಿತ್ತು. ಸಾಹೇಬರ ಬೆನ್ನ ಹಿಂದೆ ಸಾವುಕಾರ ನಿಂತಿದ್ದ. ಸಾಬರೆಂದರೆ ಖೋಲಿ ಇಲ್ಲ, ಹಾಸಿಗೆ ಹಿಡಿದವರಿದ್ದರಂತೂ ಇಲ್ಲವೇ ಇಲ್ಲ ಎಂದು ಅವಳಿಗೆ ಎಷ್ಟೋ ಮನೆಗಳವರು ಮೊದಲೇ ಹೇಳಿ ಕಳಿಸಿದ್ದರು.

"ಹೌದ್ರಿ," ಎಂದಳು.

ಸಾಹೇಬರು ಚಹಾ ಕುಡಿದು ಹೋದರು. ಮನೆ ಪಾಸಾಯಿತು. ಸಂಜೆಯೊಳಗೆ ಸಿಲಿಂಡರುಗಳು ಲಾಡ್ಜಿಗೆ ಮರಳಿದವು, ಚೀಲಗಳು ಹಿಂಬಾಗಿಲಿಗೆ ಮರಳಿದವು. ಅವನ್ನು ಮತ್ತೆ ಹೊತ್ತು ಒಟ್ಟಿದವರೂ ಬಾಡಿಗೆಯವರೇ.

ಬೆಂಕಿ ಬಿದ್ದದ್ದು ಅದಾದ ಕೆಲವೇ ದಿನಕ್ಕೆ, ಉರಿಬಿಸಿಲಿನ ಹೊತ್ತಿಗೆ. ಅದೇ ವೈರು. ಕಿಡಿ ಗೋಣಿಯ ಮೇಲೆ ಬಿತ್ತು. ರೊಟ್ಟಿ ಕೊಟ್ಟು ಬಂದು ಅಡ್ಡಾಗಿದ್ದ ನಾಗವ್ವ ಹೊಗೆಗೆ ಎದ್ದು, ಸಿಕ್ಕವರನ್ನೆಲ್ಲ ಮುಂಬಾಗಿಲಿಗೆ ನೂಕಿದಳು. ಅಕ್ಬರಸಾಬನ ಖೋಲಿಯತ್ತ ನುಗ್ಗಿದಳು. ಪ್ಲೈವುಡ್ಡು ಹೊತ್ತಿ ಉರಿಯುತ್ತಿತ್ತು. ಕೈ ಸುಟ್ಟುಕೊಂಡು ಹೊರಗೆ ಬಂದು ಬಿದ್ದಳು.

ರಫೀಕ ನಾಲ್ಕು ಜನರನ್ನು ಕಟ್ಟಿಕೊಂಡು ಹಿಂದಿನ ಸಂದಿಗೆ ಓಡಿದ. ಒಳಗೆ ಅಕ್ಬರಸಾಬ ಗೋಡೆ ಬಡಿಯುತ್ತಿದ್ದುದು ಕೇಳಿತು. "ಲಗೂ ಮಾಡ್ರಪಾ, ಲಗೂ ಮಾಡ್ರಿ," ಎಂಬ ದನಿಯೂ ಕೇಳಿತು. ಕಲ್ಲಿನಿಂದ ಬೀಗ ಒಡೆದರು. ಒದ್ದರು. ಹಾರೆ ಹಾಕಿದರು. ಬಾಗಿಲು ಒಳಕ್ಕೆ ತೆರೆಯುವಂಥದು, ಒಳಗೆ ಚೀಲ. ಗೇಣು ಸಹ ಸರಿಯಲಿಲ್ಲ. ಅಖ್ತರುನ್ನೀಸಾ ಕೊರಳಲ್ಲಿ ಅಳತೆಯ ಟೇಪು ಜೋತಾಡುತ್ತಿರುವಂತೆಯೇ ಓಡಿ ಬಂದಾಗ ಬಡಿಯುವ ಸದ್ದು ನಿಂತುಹೋಗಿತ್ತು.

ದಫನ್ ಆದ ಮರುದಿನ ಅದೇ ಸಾಹೇಬರು ಪೊಲೀಸರ ಜೊತೆ ಬಂದರು. ಗಂಡ ಸತ್ತವಳು ಹೊಸ್ತಿಲು ದಾಟದೆ ಮನೆಯೊಳಗೆ ಇದ್ದತ್ ಕೂಡಬೇಕು. ಕೂಡಲು ಮನೆ ಎಲ್ಲಿದೆ? ಅಖ್ತರುನ್ನೀಸಾ ಸುಟ್ಟ ಗೋಡೆಯ ಮುಂದೆ ಎಲ್ಲರ ಜೊತೆ ನಿಂತಿದ್ದಳು.

ಸಾಹೇಬರು ಬೂದಿಯಿಂದ ನಾಗವ್ವನ ಒಲೆ ತೆಗೆಸಿ ಫೋಟೋ ಹೊಡೆಸಿದರು. "ಖೋಲ್ಯಾಗ ಒಲಿ ಹಚ್ಚೀರಿ. ತಪ್ಪು ನಿಮ್ದ ಆಗ್ತದ," ಎಂದರು.

ಸಾವುಕಾರ ಅಖ್ತರುನ್ನೀಸಾಳ ಹತ್ತಿರ ಬಂದು ದನಿ ತಗ್ಗಿಸಿದ. "ಬೂಬಮ್ಮಾ, ಆಗಿದ್ದು ಆಗಿಹೋತು. ಬಾಗಲಾ ತಗದಿತ್ತು ಅಂತ ಹೇಳಿಬಿಡು. ನಿನಗ ಬ್ಯಾರೆ ಖೋಲಿ ಕೊಡ್ತೇನಿ. ಬಾಡಿಗಿ ಬ್ಯಾಡ."

ಅವಳು ಅವನತ್ತ ನೋಡಲಿಲ್ಲ. ಸಾಹೇಬರ ಮುಂದೆ ಹೋಗಿ ನಿಂತಳು.

"ಬಾಗಲಾ ಯಾವತ್ತೂ ತಗದಿರಲಿಲ್ರಿ. ನೀವು ಬಂದ ದಿನ ಅಷ್ಟ ತಗದಿತ್ತು. ಬರೀರಿ."

"ಅವತ್ತ ನೀವ ಹೌದು ಅಂದಿದ್ರಲ್ಲ?"

"ಸುಳ್ಳ ಹೇಳಿದ್ನಿರಿ. ಮನಿ ಬಿಡಸ್ತಾರಂತ ಅಂಜಿ ಹೇಳಿದ್ನಿ."

"ಸರಕಾರಕ್ಕ ಸುಳ್ಳ ಹೇಳಿದ್ರ ನಿಮ್ಮ ಮ್ಯಾಲೂ ಕೇಸ್ ಆಗ್ತದ. ತಿಳೀತಿಲ್ಲೊ?"

"ಆಗಲಿ. ಮೊದಲ ನನ್ನ ಹೆಸರು ಬರೀರಿ. ಅಂಜಿಸಿದವ್ರ ಹೆಸರು ಅದರ ಕೆಳಗ ಬರೀರಿ. ಏನೂ ನೋಡದ ಚಾ ಕುಡದು ಹೋದವ್ರ ಹೆಸರೂ ಬರೀರಿ."

ನಾಗವ್ವ ಸುಟ್ಟ ಕೈಯನ್ನು ಎದೆಗೊತ್ತಿ ಹಿಡಿದು ಮುಂದೆ ಬಂದಳು.

"ನಂದೂ ಬರಕೋರಿ. ಒಲಿ ಮುಚ್ಚಿಟ್ಟಾಕಿ ನಾನ."

"ಚೀಲ ಹೊತ್ತಾಂವ ನಾನ್ರಿ," ಎಂದ ರಫೀಕ.

"ಸಿಲಿಂಡರ್ ತಂದಾಂವ ಎಲ್ಲಿದಾನ?" ಹಿಂದಿನಿಂದ ಯಾರೋ ಕೂಗಿದರು. ಫಕ್ಕೀರೇಶ ಸಾವುಕಾರನ ಕಾರಿನ ಮರೆಗೆ ಸರಿದ. ಬಾಡಿಗೆಯವರೆಲ್ಲ ಒಬ್ಬೊಬ್ಬರೇ ಬಂದು ಸಾಹೇಬರ ಸುತ್ತ ನಿಂತರು.

"ಗದ್ದಲ ಮಾಡಬ್ಯಾಡ್ರಿ. ಆಮ್ಯಾಲ ಕಚೇರಿಗೆ ಬಂದು ಹೇಳ್ರಿ. ಈಗ ದಾರಿ ಬಿಡ್ರಿ," ಸಾಹೇಬರು ಜೀಪಿನತ್ತ ತಿರುಗಿದರು.

ಯಾರೂ ಸರಿಯಲಿಲ್ಲ.

"ದಾರಿ ಇಲ್ರಿ ಸಾಹೇಬ್ರ," ಅಖ್ತರುನ್ನೀಸಾ ಹೇಳಿದಳು. "ನಮ್ಮವರಿಗೂ ಇರಲಿಲ್ಲ. ಬರೀರಿ."